ಸೊನ್ನೆಯೂ ಒಳಗೆ, ಮೂವತ್ತೆಂಟೂ ಒಳಗೆ

ದಸರಾ ರಜೆ ಮುಗಿಸಿ ಬಂದ ದಿನ ನೋಟಿಸ್ ಬೋರ್ಡಿನ ಮುಂದೆ ನನ್ನ ತಂಗಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು. ಅವಳೀಗ ಪ್ರಥಮ ಪಿಯುಸಿ ಕಾಮರ್ಸ್. ಕನ್ನಡ ಮಾಧ್ಯಮದಿಂದ ಬಂದ ಪ್ರಥಮ ವರ್ಷದವರೆಲ್ಲ ಇನ್ನು ಮುಂದೆ ದಿನಾ ಸಂಜೆ ಅಕೌಂಟೆನ್ಸಿ ವಿಶೇಷ ತರಗತಿಗೆ ಕಡ್ಡಾಯವಾಗಿ ಬರಬೇಕು ಎಂದು ಬರೆದಿತ್ತು. ಕಾರಣವನ್ನೂ ಕೊಟ್ಟಿದ್ದರು: ಕಳೆದ ವರ್ಷದ ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಕನ್ನಡ ಮಾಧ್ಯಮದವರಲ್ಲಿ ಶೇ. 40 ಮಂದಿ ಫೇಲ್, ಇಂಗ್ಲಿಷ್ ಮಾಧ್ಯಮದವರಲ್ಲಿ ಶೇ. 24.

ಆ ಕಳೆದ ವರ್ಷದ ತರಗತಿಯಲ್ಲಿ ನಾನೂ ಇದ್ದೆ. ಕನ್ನಡ ಮಾಧ್ಯಮದವಳೇ. ಪಾಸಾಗಿದ್ದೆ. ಆದರೂ ಆ 'ಶೇ. 40' ನನ್ನ ಬೆನ್ನಿಗೆ ಯಾರೋ ಅಂಟಿಸಿದ ಚೀಟಿಯಂತೆ ಅನಿಸಿತು.

ನಾವು ಕನ್ನಡ ಮಾಧ್ಯಮದವರು ಇದ್ದದ್ದು 25 ಮಂದಿ, ಫೇಲಾದವರು 10. ಇಂಗ್ಲಿಷ್ ಮಾಧ್ಯಮದವರು 50, ಫೇಲಾದವರು 12. ನಮ್ಮಲ್ಲಿ ಇಬ್ಬರು ಆ ದಿನ ಜ್ವರ ಬಾರದೆ ಚೆನ್ನಾಗಿ ಬರೆದಿದ್ದರೆ ನಲವತ್ತು ಮೂವತ್ತೆರಡಕ್ಕೆ ಇಳಿಯುತ್ತಿತ್ತು. ಉಮ್ಮ ಬೀಡಿ ಬ್ರಾಂಚಿನಿಂದ ಬಂದಾಗಲೆಲ್ಲ ಹೇಳುವುದೂ ಇದೇ. ಒಂದು ಕಟ್ಟು ಬಿಚ್ಚಿ ನೋಡಿ, ವಾರದ ಬೀಡಿಗೆಲ್ಲ ಅದೇ ತೀರ್ಪು ಕೊಡುತ್ತಾರಂತೆ.

ಆ ವಾರವಷ್ಟೇ ಸ್ಟ್ಯಾಟಿಸ್ಟಿಕ್ಸ್ ಮೇಡಂ ಕಾನ್ಫಿಡೆನ್ಸ್ ಇಂಟರ್ವಲ್ ಪಾಠ ಮುಗಿಸಿದ್ದರು. ಮಗ್ರಿಬ್ ನಮಾಝ್ ಮುಗಿಸಿ ಕ್ಯಾಲ್ಕುಲೇಟರ್ ಹಿಡಿದು ಕೂತೆ. ನಮ್ಮ ಶೇ. 40ಕ್ಕೆ ಶೇ. 95ರ ಇಂಟರ್ವಲ್ ತೆಗೆದರೆ 20.8ರಿಂದ 59.2 ಬಂತು. ಅವರ 24ಕ್ಕೆ 12.2ರಿಂದ 35.8. ಎರಡು ಗೆರೆ ಎಳೆದು ನೋಡಿದೆ, ಒಂದರ ಮೇಲೊಂದು ಸಾಕಷ್ಟು ಹಾದುಹೋಗಿವೆ. ಅಂದರೆ ವ್ಯತ್ಯಾಸವೇ ಇಲ್ಲ! ಮರುದಿನ ಆ ಕಾಗದ ಹಿಡಿದು ಮೇಡಂ ಬಳಿ ಹೋದೆ.

ಮೇಡಂ ಗೆರೆಗಳನ್ನು ನೋಡಿ, "ಹೀಗೆ ಹೋಲಿಸಬಾರದು, ಅಂತರಕ್ಕೇ ಒಂದು ಇಂಟರ್ವಲ್ ತೆಗಿ" ಎಂದರು. ಎರಡು ಗುಂಪುಗಳೂ ಒಂದೇ ಸಲ ಎದುರು ಬದುರು ತುದಿಗೆ ತಪ್ಪುವುದು ಅಪರೂಪ. ಹಾಗಾಗಿ ಎರಡು ಕಡೆಯ ತಪ್ಪಿನ ಮಿತಿಯನ್ನು, ನಮ್ಮದು 19.2, ಅವರದು 11.8, ನೇರವಾಗಿ ಕೂಡಿಸುವುದಿಲ್ಲ. ಪೈಥಾಗೊರಸ್ ಪ್ರಮೇಯದಲ್ಲಿ ಮಾಡುವಂತೆ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. 31 ಅಲ್ಲ, 22.6 ಬರುತ್ತದೆ. ನಮ್ಮ ಹಾಗಿನ 50 ಮಂದಿ, ಅವರ ಹಾಗಿನ 100 ಮಂದಿ ಇದ್ದು, ಶೇಕಡಾವಾರು ಇಷ್ಟೇ ಇದ್ದಿದ್ದರೆ? ಲೆಕ್ಕ ಹಾಕಿಸಿದರು. ಎರಡು ಗೆರೆಗಳು ಆಗಲೂ ಹಾದುಹೋಗುತ್ತವೆ, ಆದರೆ ಅಂತರದ ಇಂಟರ್ವಲ್ ಸೊನ್ನೆಯನ್ನು ಕೂದಲೆಳೆಯಷ್ಟು ದಾಟಿ ಆಚೆ ನಿಲ್ಲುತ್ತದೆ. ಗೆರೆಗಳನ್ನಷ್ಟೇ ನಂಬಿದ್ದರೆ ನಾನು ಅಲ್ಲಿಯೂ 'ವ್ಯತ್ಯಾಸವಿಲ್ಲ' ಎಂದೇ ಬರೆಯುತ್ತಿದ್ದೆ.

ನಮ್ಮ ನಿಜವಾದ ಸಂಖ್ಯೆಗೆ ಬಂದರೆ ಅಂತರ 16, ಇಂಟರ್ವಲ್ ಮೈನಸ್ 6.6ರಿಂದ 38.6. ನನಗೆ ಮತ್ತೆ ಖುಷಿ. "ಮೇಡಂ, ಸೊನ್ನೆ ಒಳಗೇ ಇದೆಯಲ್ಲ!"

"ಮೂವತ್ತೆಂಟೂ ಒಳಗೇ ಇದೆ. ಅದು ಯಾಕೆ ನಿನ್ನ ಕಣ್ಣಿಗೆ ಬೀಳಲಿಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. ಸೊನ್ನೆ ಒಳಗಿದೆ ಎಂದರೆ ಎರಡು ಗುಂಪೂ ಸಮ ಎಂದು ಸಾಬೀತಾಯಿತು ಎಂದಲ್ಲ. ಇಷ್ಟು ಕಡಿಮೆ ಮಂದಿಯಿಂದ ಹೇಳಲಾಗದು ಎಂದಷ್ಟೇ. ಕನ್ನಡ ಮಾಧ್ಯಮದವರು ತುಸು ಮುಂದಿರಬಹುದು, ತೀರಾ ಹಿಂದೆಯೂ ಇರಬಹುದು. ನೋಟಿಸ್ ಬರೆದವರು 16 ಎಂಬ ಒಂದೇ ಸಂಖ್ಯೆ ಹಿಡಿದರು, ನಾನು ಸೊನ್ನೆ ಎಂಬ ಒಂದೇ ಸಂಖ್ಯೆ ಹಿಡಿದೆ. ಮಾಡಿದ್ದು ಇಬ್ಬರೂ ಒಂದೇ ಕೆಲಸ.

ಆಮೇಲೆ ಮೇಡಂ ಆಸ್ಪಿರಿನ್ ಕಥೆ ಹೇಳಿದರು. ಅಮೆರಿಕದಲ್ಲಿ 22 ಸಾವಿರಕ್ಕೂ ಹೆಚ್ಚು ಪುರುಷ ವೈದ್ಯರ ಮೇಲೆ ನಡೆದ ಪ್ರಯೋಗ. 11,037 ಮಂದಿಗೆ ದಿನ ಬಿಟ್ಟು ದಿನ ಆಸ್ಪಿರಿನ್, 11,034 ಮಂದಿಗೆ ಔಷಧಿಯಿಲ್ಲದ, ನೋಡಲು ಅದರಂತೆಯೇ ಇರುವ ಮಾತ್ರೆ. 1988ರಲ್ಲಿ ಬಂದ ಮೊದಲ ವರದಿಯಂತೆ ಹೃದಯಾಘಾತವಾದದ್ದು ಆಸ್ಪಿರಿನ್ ಗುಂಪಿನಲ್ಲಿ 104 ಮಂದಿಗೆ, ಇನ್ನೊಂದರಲ್ಲಿ 189 ಮಂದಿಗೆ. ಶೇಕಡಾವಾರು ನೋಡಿದರೆ 0.94 ಮತ್ತು 1.71. ಅಂತರ ಒಂದು ಕೂಡ ಇಲ್ಲ, 0.77. ಆದರೆ ಇಂಟರ್ವಲ್ 0.47ರಿಂದ 1.07, ಸೊನ್ನೆ ಹೊರಗೆ. ನಮ್ಮ 16 ಎಂಬ ದೊಡ್ಡ ಅಂತರ ಹೇಳಲಾಗದ್ದನ್ನು ಅಷ್ಟು ಚಿಕ್ಕ ಅಂತರ ಧೈರ್ಯವಾಗಿ ಹೇಳುತ್ತದೆ. ಜನ ನಾಲ್ಕು ಪಟ್ಟಾದರೆ ಇಂಟರ್ವಲ್ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿದ್ದವರು ನೂರಾರು ಪಟ್ಟು.

ಇನ್ನೊಂದು ಮಾತನ್ನೂ ಮೇಡಂ ಸೇರಿಸಿದರು. ಅಲ್ಲಿ ಯಾರಿಗೆ ಯಾವ ಮಾತ್ರೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದರು. ನಮಗೆ ಮಾಧ್ಯಮವನ್ನು ಯಾರೂ ಚೀಟಿ ಎತ್ತಿ ಕೊಟ್ಟದ್ದಲ್ಲ. ಊರಿನಲ್ಲಿ ಇದ್ದ ಶಾಲೆ ಯಾವುದು, ಮನೆಯಲ್ಲಿ ಓದಿಸುವವರು ಇದ್ದರೇ, ಬಸ್ ಎಷ್ಟು ಗಂಟೆಗೆ, ಎಲ್ಲವೂ ಅದರೊಳಗೆ ಸೇರಿಕೊಂಡಿದೆ. ನಾಳೆ ಸೊನ್ನೆ ಹೊರಗೆ ಬಿದ್ದರೂ ತಪ್ಪು ಮಾಧ್ಯಮದ್ದೇ ಎನ್ನಲಾಗದು.

"ನಾವು 75 ಮಂದಿಯೇ ಇಡೀ ತರಗತಿ ಅಲ್ವಾ ಮೇಡಂ, ಸ್ಯಾಂಪಲ್ ಎಲ್ಲಿಂದ ಬಂತು?" ಎಂದು ಕೇಳಿದೆ. ಕಳೆದ ವರ್ಷದ ಬಗ್ಗೆ ಮಾತ್ರ ಹೇಳುವುದಾದರೆ ಇಂಟರ್ವಲ್ ಬೇಡ, ಹತ್ತು ಮಂದಿ ಫೇಲ್ ಎಂದರೆ ಹತ್ತೇ. ಆದರೆ ಆ ಲೆಕ್ಕ ಹಿಡಿದು ಈ ವರ್ಷದವರಿಗೆ ನೋಟಿಸ್ ಹಾಕಿದ ಕ್ಷಣ ನೀವು 75 ಮಂದಿ ಒಂದು ದೊಡ್ಡ ಮೂಟೆಯಿಂದ ತೆಗೆದ ಒಂದು ಹಿಡಿ ಆದಿರಿ, ಎಂದರು. ಅದೂ ಕಣ್ಣು ಮುಚ್ಚಿ ತೆಗೆದ ಹಿಡಿಯಲ್ಲ ಎಂಬುದನ್ನು ಮರೆಯಬೇಡ ಎಂದೂ ಸೇರಿಸಿದರು. ಪರೀಕ್ಷೆಗೆ ಇದು ಬರುವುದಿಲ್ಲ, ಆದರೆ ನನಗೆ ಆ ಅಧ್ಯಾಯ ಅರ್ಥವಾದದ್ದು ಆ ಮಾತಿನಿಂದ.

ಮನೆಗೆ ಬಂದು ತಂಗಿಗೆ ಎಲ್ಲವನ್ನೂ ಹೇಳಿದೆ. ಕಡ್ಡಾಯ ತರಗತಿ ತೆಗೆಸುತ್ತೇನೆ ಎಂದೆ. ಅವಳು, "ನನಗೆ ಡೆಬಿಟ್ ಕ್ರೆಡಿಟ್ ಇನ್ನೂ ತಲೆಗೆ ಹೋಗಿಲ್ಲ. ಕ್ಲಾಸ್ ಬೇಡ ಅಂತ ನಾನೆಲ್ಲಿ ಹೇಳಿದೆ? ಕನ್ನಡ ಮಾಧ್ಯಮ ಅಂತ ಕರೆದದ್ದು ಬೇಡ, ಅಷ್ಟೇ" ಎಂದಳು.

ಆ ರಾತ್ರಿ ಅದೇ ನಾಲ್ಕು ಸಂಖ್ಯೆಗಳನ್ನು ಮತ್ತೆ ನೋಡಿದೆ. ಫೇಲಾದವರು ಒಟ್ಟು 22. ಅವರಲ್ಲಿ 12 ಮಂದಿ ಇಂಗ್ಲಿಷ್ ಮಾಧ್ಯಮದವರು. ಆ ನೋಟಿಸ್ ಕಳೆದ ವರ್ಷವೇ ಬಂದಿದ್ದರೆ ಸಹಾಯ ಬೇಕಿದ್ದ ಈ ಹನ್ನೆರಡು ಮಂದಿಯನ್ನು ಕರೆಯುತ್ತಲೇ ಇರಲಿಲ್ಲ, ಪಾಸಾದ ನಮ್ಮ ಹದಿನೈದು ಮಂದಿಯನ್ನು ಕೂರಿಸಿಬಿಡುತ್ತಿತ್ತು. ಇದಕ್ಕೆ 1.96ರ ಸೂತ್ರವೇ ಬೇಕಿರಲಿಲ್ಲ.

ಮೇಡಂ ಜೊತೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಇಷ್ಟನ್ನೇ ಹೇಳಿದೆ. ಸರ್ ಕಾಗದವನ್ನು ಎರಡು ಸಲ ಓದಿದರು. ಮರುವಾರ ಹೊಸ ನೋಟಿಸ್ ಬಂತು: ಮಧ್ಯವಾರ್ಷಿಕದವರೆಗೆ ಬೇಕಾದವರು ಬರಬಹುದು, ಆಮೇಲೆ ಫೇಲಾದವರೆಲ್ಲ ಬರಬೇಕು. ಮಾಧ್ಯಮದ ಮಾತಿಲ್ಲ. ತಂಗಿ ಮೊದಲ ದಿನವೇ ಹೋದಳು. ಬಸ್ ತಪ್ಪಿತು.

ಈ ವರ್ಷದ ಅಂಕಪಟ್ಟಿ ಬಂದ ಮೇಲೆ ಅದನ್ನೂ ಕೊಡುತ್ತೇನೆ ಎಂದಿದ್ದಾರೆ ಮೇಡಂ. ಎರಡು ವರ್ಷದ್ದನ್ನು ಕೂಡಿಸಿ ಮತ್ತೆ ಲೆಕ್ಕ ಹಾಕಬೇಕು. ಈ ಸಲ ಸೊನ್ನೆ ಹೊರಗೆ ಬಿದ್ದರೆ ಅದನ್ನೂ ಇಲ್ಲೇ ಬರೆಯುತ್ತೇನೆ.