ಕಾಕಾ ದಬ್ಬಿದ ಗಾಲಿ

ಕಮಲಾಪುರದ ಕೆಂಪು ಬಾಳೆಯನ್ನು ಕಲಬುರಗಿಗೆ ಸಾಗಿಸುವುದು ನನ್ನ ಕೆಲಸ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರು. ಗಾಡಿ ಹಳೆಯ ಮಾರುತಿ ಓಮ್ನಿ. ಆ ಬೇಸಿಗೆಯಲ್ಲಿ ಗುಂಡಿಗೆ ಇಳಿದಾಗಲೆಲ್ಲ ಹಿಂದೆ ಟಕ್ ಟಕ್ ಸದ್ದು ಬರತೊಡಗಿತು. ಪಾಟಾದ, ಅಂದರೆ ಲೀಫ್ ಸ್ಪ್ರಿಂಗಿನ, ಬುಶ್ ಹೋಗಿವೆ ಎಂದ ಮೆಕ್ಯಾನಿಕ್. ಕಲಬುರಗಿಯಲ್ಲೇ ಹೊಸ ರಬ್ಬರ್ ಬುಶ್ ಕೊಂಡೆ. ಮಜೂರಿ ಉಳಿಯಲೆಂದು ಊರಲ್ಲಿ ನಾನೇ ಹಾಕಲು ಹೊರಟೆ.

ಬೆಳಿಗ್ಗೆ ಆರಕ್ಕೆ ಅಂಗಳದ ಪರಸಿ ಕಲ್ಲಿನ ಮೇಲೆ ಗಾಡಿ ನಿಲ್ಲಿಸಿದೆ. ಬಿಸಿಲೇರುವ ಮೊದಲು ಎರಡೂ ಬದಿ ಮುಗಿಸಬೇಕಿತ್ತು. ಎಡಕ್ಕೆ ಇಟ್ಟಿಗೆ ಪೇರಿಸಿದೆ, ಬಲಕ್ಕೆ ಜಾಕ್ ಕೊಟ್ಟೆ. ಹಿಂದಿನ ಎರಡೂ ಗಾಲಿ ಬಿಚ್ಚಿದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಗೇರಿಗೂ ಹಾಕಿದ್ದೆ. ಅಷ್ಟು ಸಾಕೆಂದು ನಂಬಿದ್ದೆ. ಓಮ್ನಿಯ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಎಂಜಿನ್ ತಿರುಗಿಸುವುದೂ ಅವನ್ನೇ. ಅವೆರಡೂ ನೆಲ ಬಿಟ್ಟರೆ ಬ್ರೇಕೂ ಇಲ್ಲ, ಗೇರೂ ಇಲ್ಲ. ಮುಂದಿನ ಗಾಲಿಗೆ ನಾನು ಕಲ್ಲು ಕೊಟ್ಟಿರಲಿಲ್ಲ.

ಕಾಕಾ ಚಹಾ ತಂದರು. "ಬಿಚ್ಚಿದ ಗಾಲಿ ಹೊರಗ ಯಾಕ ಇಟ್ಟೀದಿ? ಗಾಡಿ ಬುಡಕ ಹಾಕು."

"ಆಮ್ಯಾಲ ಹಾಕ್ತೀನಿ ಕಾಕಾ."

ಅವರೇ ಒಂದನ್ನು ಕಾಲಿನಿಂದ ದಬ್ಬಿ ಬಲಗಡೆ ಚೇಸಿಸ್ ಕೆಳಗೆ ಸೇರಿಸಿದರು.

ಪಾಟಾದ ಶ್ಯಾಕಲ್ಲಿನ ನಟ್ಟು ತುಕ್ಕು ಹಿಡಿದಿತ್ತು. ಪಾನಾಕ್ಕೆ ಪೈಪು ತೊಡಿಸಿ, ಗಾಡಿಯ ಕೆಳಗೆ ಮಲಗಿದಲ್ಲಿಂದಲೇ ಜೋರಾಗಿ ಎಳೆದೆ. ಗಾಡಿ ಮುಂದಕ್ಕೆ ಸರಿಯಿತು. ಜಾಕ್ ವಾಲಿದ್ದು ಕಂಡಿತು. ಆಮೇಲೆ ಇಟ್ಟಿಗೆ ಒಡೆದ ಸದ್ದು.

ಚೇಸಿಸ್ ಆ ಗಾಲಿಯ ಮೇಲೆ ಕೂತಿತ್ತು. ನನ್ನ ಕೆನ್ನೆಗೂ ತಳದ ತಗಡಿಗೂ ಎರಡು ಬೆರಳು ಅಂತರ. ಎಡಗೈ ಬ್ರೇಕ್ ಡ್ರಮ್ಮಿನ ಕೆಳಗೆ ಸಿಕ್ಕಿತ್ತು. ಮೊದಲು ನೋವಾಗಲಿಲ್ಲ. ಬಾಯಲ್ಲಿ ಮಣ್ಣು ತುಂಬಿ ಕೂಗಲು ಆಗಲಿಲ್ಲ. ಪೆಟ್ರೋಲ್ ವಾಸನೆ ಬಂದಾಗ ತುಂಬ ಹೆದರಿದೆ. ಮಗ ಮನೆಯೊಳಗೆ ಮಲಗಿದ್ದ. ಅವನು ಎದ್ದು ಬಂದು ಇದನ್ನು ನೋಡಬಾರದು ಅನ್ನಿಸಿತು.

ಓಣಿಯ ಮಂದಿ ಓಡಿಬಂದು ಗಾಡಿಗೆ ಕೈ ಹಾಕಿದರು. ಕಾಕಾ ತಡೆದರು. "ಎತ್ತಬ್ಯಾಡ್ರಿ. ಮೊದಲ ಮುಂದಿನ ಗಾಲಿಗಿ ಕಲ್ಲು ಕೊಡ್ರಿ." ಕಲ್ಲು ಕೊಟ್ಟ ಮೇಲೆ ಎತ್ತಿದರು. ಡ್ರಮ್ಮು ಮೇಲೆದ್ದಾಗ ನೋವು ಬಂತು. ನಾನು ಚೀರಿದೆ. ಹತ್ತು ನಿಮಿಷ ಆಗಿತ್ತಂತೆ.

ಕಮಲಾಪುರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಪಟ್ಟಿ ಕಟ್ಟಿ, 108ರಲ್ಲಿ ಕಲಬುರಗಿಗೆ ಕಳಿಸಿದರು. ರಸ್ತೆಯುಬ್ಬು ಬಂದಾಗಲೆಲ್ಲ ಆಂಬುಲೆನ್ಸಿನ ಹುಡುಗ ನನ್ನ ಕೈಯನ್ನು ಅಲುಗದಂತೆ ಎತ್ತಿ ಹಿಡಿಯುತ್ತಿದ್ದ. ಇಡೀ ದಾರಿ ಹಾಗೇ ಮಾಡಿದ. ಅವನ ಹೆಸರು ಕೇಳಲಿಲ್ಲ.

ಅಂಗೈಯ ಎರಡು ಎಲುಬು ಮುರಿದಿದ್ದವು. ತಂತಿ ಹಾಕಿದರು. ಆರು ವಾರ ದುಡಿಮೆ ಇಲ್ಲ.

ಆಮೇಲೆ ಬುಶ್ ಹಾಕಿದ್ದು ಭಾವ. ಮುಂದಿನ ಗಾಲಿಗಳ ಹಿಂದೂ ಮುಂದೂ ಕಲ್ಲು ಕೊಟ್ಟರು. ಒಂದು ಬದಿ ಮುಗಿದ ಮೇಲೇ ಇನ್ನೊಂದು. ಜಾಕ್ ಎತ್ತುವುದಕ್ಕೆ ಮಾತ್ರ, ಭಾರವೆಲ್ಲ ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಹಳೆಯ ಬುಶ್ ಕೈಗೆ ಕೊಟ್ಟರು. ಒಂದು ಕಡೆ ಸೀಳಿತ್ತು. ತೂತು ದುಂಡಗಿರಲಿಲ್ಲ, ಕಿರುಬೆರಳು ಸಲೀಸಾಗಿ ಆಡುತ್ತಿತ್ತು. ಹೊಸದಕ್ಕೆ ಸೋಪಿನ ನೀರು ಸವರಿ ಕೂರಿಸಿದರು. ಗಾಡಿ ನೆಲಕ್ಕಿಳಿದು ಭಾರ ಗಾಲಿಯ ಮೇಲೆ ಬಂದ ಮೇಲೆಯೇ ಬೋಲ್ಟು ಪೂರ್ತಿ ಬಿಗಿದರು. ಮೇಲಿದ್ದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.

ಸದ್ದು ನಿಂತಿದೆ. ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಗೇರು ಬದಲಿಸುವಾಗ ಅಂಗೈಯಿಂದ ದಬ್ಬುತ್ತೇನೆ.