ಆಗಮವೋ, ಆದೇಶವೋ?

34 ವರ್ಷಗಳ ಕಾಲ ನಾವು ಮಕ್ಕಳಿಗೆ ಸಂಧಿಪ್ರಕರಣವನ್ನು ಪಾಠಹೇಳಿದವರು. ನಿವೃತ್ತರಾದ ಮೇಲೆ ಅದೇ ಪಾಠವನ್ನು ನಾವು ಹೊಸದಾಗಿ ಕಲಿಯಬೇಕಾಗಿ ಬಂದ ಪ್ರಸಂಗವೊಂದನ್ನು ವಾಚಕರಲ್ಲಿ ನಿವೇದಿಸುತ್ತೇವೆ.

ನಮಗಿಂತ 16 ವರ್ಷ ಹಿರಿಯರಾದ ಅಕ್ಕನವರಿಗೆ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರ ಹಾಡು ಮುಂತಾದುವು ಕಂಠಸ್ಥವಾಗಿದ್ದುವು. ಯಾವ ಪುಸ್ತಕದಲ್ಲಿಯೂ ನಾವು ಕಾಣದ ಹಾಡುಗಳವು. ಕಳೆದ ಶ್ರಾವಣದಲ್ಲಿ ಅವರು ಹೇಳುತ್ತ ಹೋದಂತೆ 42 ಹಾಡುಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡೆವು. ಮಾರ್ಗಶಿರದಲ್ಲಿ ಅವರು ತೀರಿಕೊಂಡರು. ಅವರ ಮಗಳ ಮಗಳ ಮದುವೆಗೆ ಆ ಹಾಡುಗಳನ್ನು ಅಚ್ಚುಮಾಡಿಸಿ ಹಂಚಬೇಕೆಂದು ನಮ್ಮ ಸಂಕಲ್ಪ.

ಲ್ಯಾಪ್‌ಟಾಪಿನ ಸಂಗಡ ಬಂದಿದ್ದ ಬರವಣಿಗೆಯ ಸಾಫ್ಟ್‌ವೇರು ಪ್ರಾಯೋಗಿಕ ಆವೃತ್ತಿ. ಅದರ ಅವಧಿ 30 ದಿನ. ಮಾಘದಲ್ಲಿ ತೆರೆದಾಗ, ಅವಧಿ ಮುಗಿದಿದೆ, ಪೂರ್ಣ ಆವೃತ್ತಿಯನ್ನು ಕೊಳ್ಳಿರೆಂಬ ಸೂಚನೆ ಕಂಡಿತು. ಹಣ ತೆತ್ತು ಕೊಂಡೆವು, ಇಳಿಸಿಕೊಂಡೆವು. ಆದರೆ ತೆರೆಯಹೋದರೆ ಹೆಸರಿನ ಫಲಕವು ಕ್ಷಣಕಾಲ ಮಿಂಚಿ ಮಾಯವಾಗುವುದು! ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆವು, ಫಲವಿಲ್ಲ. ಹಣ ಹೋಯಿತೆಂಬುದಕ್ಕಿಂತ, ಅಕ್ಕನ ಧ್ವನಿ ಎರಡನೆಯ ಬಾರಿ ಅಡಗಿತೆಂಬ ಸಂಕಟವೇ ನಮ್ಮನ್ನು ಬಾಧಿಸಿತು.

ರಾತ್ರಿ ಮೈಸೂರಿನಲ್ಲಿರುವ ಸೊಸೆಗೆ ಫೋನು ಮಾಡಿದೆವು. "ಮಾವ, ಲೇಖನಿ ಕೆಟ್ಟರೆ ಬರೆದದ್ದು ಅಳಿಸಿಹೋಗುತ್ತದೆಯೆ? ಹಾಡುಗಳ ಕಡತ ಬೇರೆ, ಅದನ್ನು ತೆರೆಯುವ ಸಾಫ್ಟ್‌ವೇರು ಬೇರೆ. ಮೊದಲು ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿ" ಎಂದಳು. ಆಮೇಲೆ ಉಚಿತವಾಗಿ ದೊರೆಯುವ ಲಿಬ್ರೆಆಫೀಸನ್ನು ಇಳಿಸಿಕೊಳ್ಳಹೇಳಿದಳು. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆಯಷ್ಟೆ. ನಾವು ಅದರಲ್ಲಿಯೇ ಬರೆದಿದ್ದುದರಿಂದ ಅಕ್ಷರಗಳು ಕೆಡದೆ ಮೂಡಿದುವು. ಅಕ್ಕನ ಮೊದಲ ಹಾಡನ್ನು ಕಂಡು ನಾವು ಕನ್ನಡಕವನ್ನು ಒರಸಿಕೊಳ್ಳಬೇಕಾಯಿತು.

"ಹಳೆಯ ಪ್ರಾಯೋಗಿಕ ಆವೃತ್ತಿಯನ್ನು ತೆಗೆದಿರಾ?" ಎಂದು ಕೇಳಿದಳು. ತೆಗೆದಿರಲಿಲ್ಲ. ಆಗ ನಮಗೆ ನಮ್ಮ ಪಾಠವೇ ನೆನಪಾಯಿತು. ಆಗಮವು ಅತಿಥಿಯಂತೆ, ಇದ್ದವರನ್ನು ಏಳಿಸದೆ ನಡುವೆ ಬಂದು ಕೂರುತ್ತದೆ, 'ಮನೆಯನ್ನು' ಎಂಬಲ್ಲಿಯ ಯಕಾರದ ಹಾಗೆ. ಆದೇಶವಾದರೋ ಮೊದಲಿನದು ಎದ್ದುಹೋದ ಎಡೆಯಲ್ಲಿ ಕೂರತಕ್ಕದ್ದು. 'ಮಳೆಗಾಲ'ದಲ್ಲಿ ಗಕಾರ ಬಂದಮೇಲೆ ಕಕಾರಕ್ಕೆ ಸ್ಥಳವಿಲ್ಲ. ನಾವು ಆದೇಶವನ್ನು ಆಗಮವೆಂದು ಭ್ರಮಿಸಿ, ಇಬ್ಬರನ್ನೂ ಒಂದೇ ಮಣೆಯ ಮೇಲೆ ಕೂರಿಸಿದ್ದೆವು!

ಸೆಟ್ಟಿಂಗ್ಸಿನಲ್ಲಿಯ ಆ್ಯಪ್‌ಗಳ ಪಟ್ಟಿಗೆ ಹೋಗಿ ಎರಡು ಆವೃತ್ತಿಗಳನ್ನೂ ತೆಗೆದೆವು. ಯಂತ್ರವನ್ನು ಮರಳಿ ಆರಂಭಿಸಿದೆವು. ದಿನಾಂಕ, ಗಂಟೆ ತಪ್ಪಿದ್ದರೆ ಪರವಾನಗಿಯ ಪರೀಕ್ಷೆ ಸೋಲುವುದುಂಟಾದುದರಿಂದ ಅವನ್ನೂ ನೋಡಿಕೊಂಡೆವು. ಹಣ ತೆತ್ತಾಗ ಕೊಟ್ಟಿದ್ದ ಇಮೇಲಿನಿಂದಲೇ ಪ್ರವೇಶಿಸಿ, ಕೊಂಡ ಆವೃತ್ತಿಯನ್ನು ಹೊಸದಾಗಿ ಅಳವಡಿಸಿದೆವು. ತೆರೆಯಿತು.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಸಾಫ್ಟ್‌ವೇರು ಕೈಕೊಟ್ಟರೆ ಹೆದರಿ ಯಂತ್ರವನ್ನೆಲ್ಲ ಅಳಿಸಲು ಹೋಗದಿರಿ, ಕಡತದ ನಕಲನ್ನು ಮೊದಲು ಬೇರೆಡೆಯಲ್ಲಿಡಿ. ಹೋದ ಸಾಫ್ಟ್‌ವೇರಿಗೆ ಆದೇಶವುಂಟು. ಕೊನೆಯ ಹಾಡಿನ ಎರಡು ಸಾಲುಗಳು ಅಕ್ಕನಿಗೆ ಅಂದು ನೆನಪಾಗಿರಲಿಲ್ಲ, ನಾಳೆ ಹೇಳುತ್ತೇನೆಂದಿದ್ದರು. ಆ ಎಡೆಯನ್ನು ಹಾಗೆಯೇ ಬಿಟ್ಟು ಅಚ್ಚಿಗೆ ಕಳುಹಿಸಿದ್ದೇವೆ.