ಕೈಗೊಂದು ವರ್ಷ

ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಎಸ್ ಆರ್ಥೋಗೆ 3 ವರ್ಷ, ಆಮೇಲೆ ಕೆಲಸ. ಇಷ್ಟಾದ ಮೇಲೂ 35ನೇ ವಯಸ್ಸಿನಲ್ಲಿ, "ಇಂಗ್ಲೆಂಡಿಗೆ ಫೆಲೋಶಿಪ್‌ಗೆ ಹೋಗ್ತೀನಿ, ಬರೀ ಭುಜ, ಮೊಣಕೈ, ಮುಂಗೈ ಕಲಿಯೋಕೆ" ಅಂದಾಗ ನಮ್ಮಪ್ಪ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಕಾಲಿಗೆ ಇನ್ನೊಂದು ವರ್ಷವೇನೋ?"

ಫೆಲೋಶಿಪ್ ಡಿಗ್ರಿ ಅಲ್ಲ. ಆಗಲೇ ಸರ್ಜನ್ ಆದವನು ಮತ್ತೆ ಇನ್ನೊಬ್ಬರ ಪಕ್ಕ ನಿಂತು ರಿಟ್ರಾಕ್ಟರ್ ಹಿಡಿಯೋದು. ಊರಲ್ಲಿ ದಿನಾ ಪ್ಲೇಟು, ಸ್ಕ್ರೂ ಹಾಕಿ ಅಭ್ಯಾಸವಾದ ಕೈ ಮೊದಲ ತಿಂಗಳು ಸುಮ್ಮನಿರೋಕೆ ಬಹಳ ಒದ್ದಾಡ್ತು.

ನಾನು ಸೇರಿದ್ದು ಲ್ಯಾಂಕಾಶೈರ್‌ನ ರೈಟಿಂಗ್‌ಟನ್ ಆಸ್ಪತ್ರೆ. ವಿಗನ್ ಹತ್ತಿರ, ಸುತ್ತ ಹೊಲ, ಬಿಡದ ಮಳೆ. ಹಿಂದೆ ಇದು ಕ್ಷಯರೋಗಿಗಳ ಆಸ್ಪತ್ರೆಯಾಗಿತ್ತು. 1960ರ ದಶಕದಲ್ಲಿ ಜಾನ್ ಚಾರ್ನ್ಲಿ ಸೊಂಟದ ಕೀಲು ಬದಲಿಸೋ ಆಪರೇಷನ್ನನ್ನು ಒಂದು ಹದಕ್ಕೆ ತಂದದ್ದು ಇಲ್ಲೇ.

ಸೊಂಟದಲ್ಲಿ ಚೆಂಡು ಬಟ್ಟಲೊಳಗೆ ಆಳವಾಗಿ ಕೂತಿರುತ್ತೆ. ಭುಜದಲ್ಲಿ ಚೆಂಡು ದೊಡ್ಡದು, ಬಟ್ಟಲು ಚಿಕ್ಕದು. ಸ್ಕೂಲ್ ಡೇಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡ್ತಿದ್ವಲ್ಲ, ಹಾಗೆ. ಸುತ್ತಲಿನ ನಾಲ್ಕು ಸ್ನಾಯುಗಳು ಅದನ್ನು ಹಿಡಿದಿರುತ್ತವೆ. ವಯಸ್ಸಾಗಿ ಅವು ಹರಿದರೆ ಕೈ ಮೇಲೇಳಲ್ಲ. 1985ರಲ್ಲಿ ಫ್ರಾನ್ಸಿನ ಪಾಲ್ ಗ್ರಾಮೋಂ ಉಲ್ಟಾ ಯೋಚಿಸಿದರು: ಬಟ್ಟಲಿನ ಜಾಗದಲ್ಲಿ ಚೆಂಡು, ಚೆಂಡಿನ ಜಾಗದಲ್ಲಿ ಬಟ್ಟಲು. ಆಗ ಭುಜದ ಹೊರಗಿನ ಡೆಲ್ಟಾಯ್ಡ್ ಸ್ನಾಯುವೇ ಕೈ ಎತ್ತುತ್ತೆ.

ಆಪರೇಷನ್ ಆದವರಿಗೆ ಆಕ್ಸ್‌ಫರ್ಡ್ ಸ್ಕೋರ್ ಅಂತ 12 ಪ್ರಶ್ನೆ, 48 ಅಂಕ. ಚಾಕು-ಫೋರ್ಕ್ ಒಟ್ಟಿಗೆ ಹಿಡೀತೀರಾ, ಊಟದ ಟ್ರೇ ಎತ್ತಿಕೊಂಡು ಹೋಗ್ತೀರಾ, ಹೀಗೆ. ಕೇಳ್ತಾ ಕೇಳ್ತಾ ನನ್ನ ತಲೆಯಲ್ಲಿ ಬೇರೆ ಪಟ್ಟಿ ಓಡ್ತಿತ್ತು. ಜಡೆ ಹಾಕ್ಕೋತೀರಾ? ಸೆರಗು ಹೊದ್ಕೋತೀರಾ? ಬಿಎಂಟಿಸಿ ಬಸ್ಸಲ್ಲಿ ಮೇಲಿನ ಕಂಬಿ ಹಿಡೀತೀರಾ? ಈ ಉಲ್ಟಾ ಕೀಲು ಹಾಕಿದ ಮೇಲೂ ಹಲವರಿಗೆ ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯೋದು ಕಷ್ಟ. ಎಡಗೈಯಲ್ಲಿ ತೊಳೆದುಕೊಳ್ಳೋ ನಮ್ಮೋರಿಗೆ ಇದು ಸಣ್ಣ ಮಾತಲ್ಲ. (ನಮ್ಮಲ್ಲಿ ಯಾವ ರೋಗಿಯೂ ಇದನ್ನು ಬಾಯಿಬಿಟ್ಟು ಹೇಳಲ್ಲ. ಡಾಕ್ಟರೇ ಕೇಳಬೇಕು.)

ಆದರೆ ನಾನು ಈ ದಾರಿ ಹಿಡಿದಿದ್ದು ವಯಸ್ಸಾದವರ ಭುಜಕ್ಕಲ್ಲ. ಬೈಕಿನಿಂದ ಬಿದ್ದ ಒಬ್ಬ ಡೆಲಿವರಿ ಹುಡುಗ 14 ತಿಂಗಳಾದ ಮೇಲೆ ನನ್ನ ಓಪಿಡಿಗೆ ಬಂದಿದ್ದ. ಎಕ್ಸ್‌ರೇಯಲ್ಲಿ ಕಾಲರ್ ಬೋನ್ ಚೆನ್ನಾಗಿ ಕೂಡಿತ್ತು. ಕೈ ಮಾತ್ರ ಹಗ್ಗದ ಥರ ನೇತಾಡ್ತಿತ್ತು. ಬಿದ್ದಾಗ ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಹೋಗಿ, ಕುತ್ತಿಗೆಯಿಂದ ಕೈಗಿಳಿಯೋ ಐದು ನರದ ಬೇರುಗಳಲ್ಲಿ ಕೆಲವು ಎಳೆದುಹೋಗಿರುತ್ತವೆ. "ಕಾಯಿರಿ, ಸರಿಹೋಗುತ್ತೆ" ಅಂದಿದ್ದರಂತೆ ಎಲ್ಲರೂ. ನರ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸ್ನಾಯು ಅಷ್ಟು ಕಾಲ ಕಾಯಲ್ಲ, ಕರಗಿಹೋಗುತ್ತೆ. ಆರು ತಿಂಗಳೊಳಗೆ ಬಂದಿದ್ದರೆ, ಉಳಿದ ನರದಿಂದ ಒಂದೆರಡು ಎಳೆ ತೆಗೆದು ಬೈಸೆಪ್ಸ್‌ಗೆ ಜೋಡಿಸಿ ಮೊಣಕೈ ಮಡಿಸೋ ಹಾಗೆ ಮಾಡೋ ದಾರಿ ಇತ್ತು. ಫ್ರಾನ್ಸಿನ ಒಬೆರ್ಲಿನ್ ಇದನ್ನು 1994ರಲ್ಲೇ ತೋರಿಸಿದ್ದಾರೆ. "ಹ್ಯಾಂಡಲ್ ಹಿಡಿಯೋಕಾದ್ರೆ ಸಾಕು ಸಾರ್" ಅಂದಿದ್ದ ಅವನು.

ನನ್ನ ಇಲ್ಲಿನ ಅವಧಿ ಆಗಸ್ಟ್‌ಗೆ ಮುಗಿಯುತ್ತೆ. ಹೆಂಡತಿಗೆ ಮ್ಯಾಂಚೆಸ್ಟರ್‌ನಲ್ಲಿ ಒಳ್ಳೇ ಕೆಲಸ ಇದೆ, ಮಗಳು ಆಗಲೇ ವಿಗನ್ ಇಂಗ್ಲಿಷ್ ಮಾತಾಡ್ತಾಳೆ. ನರದ ಕೆಲಸ ಕಲಿಯೋಕೆ ಕೊಯಮತ್ತೂರಿನ ಗಂಗಾ ಆಸ್ಪತ್ರೆಗೆ ಅರ್ಜಿ ಹಾಕಿದ್ದೀನಿ. ಅದಕ್ಕೆ ಇನ್ನೂ ಆರು ತಿಂಗಳು. ಮನೆಯಲ್ಲಿ ಈ ವಿಷಯ ಬಂದಾಗಲೆಲ್ಲ ಇಬ್ಬರೂ ಪಾತ್ರೆ ತೊಳೆಯೋಕೆ ಎದ್ದುಬಿಡ್ತೀವಿ.

ಹೋದ ವಾರ ನಮ್ಮ ಕಡೆಯ ಒಂದು ಆಸ್ಪತ್ರೆಗೆ, ಆಪರೇಟಿಂಗ್ ಮೈಕ್ರೋಸ್ಕೋಪ್ ಕೊಡಿಸೋದಾದರೆ ಬರ್ತೀನಿ ಅಂತ ಮೇಲ್ ಹಾಕಿದ್ದೆ. ಮಾರನೇ ದಿನವೇ ಉತ್ತರ ಬಂತು: "ತಿಂಗಳಿಗೆ ಎಷ್ಟು ಮಂಡಿ ರೀಪ್ಲೇಸ್‌ಮೆಂಟ್ ಮಾಡಿಕೊಡ್ತೀರಿ?"

ನಾನಿನ್ನೂ ಉತ್ತರ ಬರೆದಿಲ್ಲ.